ಔತಣದ ಮರ್ಯಾದೆ, ವ್ರತದ ಮರ್ಯಾದೆ

ಪಾಶ್ಚಾತ್ಯರ ಉಡುಪುಗಳಲ್ಲಿ ಅತ್ಯಂತ ವಿಧಿಬದ್ಧವಾದುದೊಂದಿದೆ. ಹಿಂಬದಿಯಲ್ಲಿ ಎರಡು ಸೀಳಾಗಿ ಬಾಲದಂತೆ ಇಳಿಬಿದ್ದ ಕಪ್ಪು ಕೋಟು, ಬಿಳಿಯ ವೇಸ್ಟ್‌ಕೋಟು, ಗಂಜಿಯಿಂದ ಬಿರುಸಾದ ಎದೆಯ ಅಂಗಿ, ಕೊರಳಿಗೆ ಕೈಯಿಂದಲೇ ಕಟ್ಟಿಕೊಳ್ಳತಕ್ಕ ಬಿಳಿಯ ಬೋ ಟೈ. ಇದಕ್ಕೆ ‘ವೈಟ್ ಟೈ’ ಎಂದು ಹೆಸರು. ಸಂಪ್ರದಾಯದಂತೆ ಸಂಜೆ ಆರು ಗಂಟೆಗೆ ಮೊದಲು ಇದನ್ನು ಧರಿಸುವಂತಿಲ್ಲ. ಅಂದರೆ ಇದು ರಾತ್ರಿಯ ಉಡುಪು. ಇದನ್ನು ಧರಿಸಿ ಮಾಡುವ ಭೋಜನವು ಬಹುಮಟ್ಟಿಗೆ ರಾತ್ರಿಭೋಜನ. ಜೈನ ಶ್ರಾವಕನಿಗೆ ಧರ್ಮಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಬನಹಟ್ಟಿಯ ಮಗ್ಗದ ಮನೆಯೊಂದರ ಯುವಕನು ವಿದ್ಯಾಭ್ಯಾಸಕ್ಕಾಗಿ ಲಂಡನ್ನಿಗೆ ಹೋಗಿದ್ದಾನೆ. ಹೊರಡುವ ಮುನ್ನ, ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಸನ್ನಿಧಿಯಲ್ಲಿ, ಅಜ್ಜಿಯ ಎದುರಿಗೆ, ಮದ್ಯ-ಮಾಂಸ-ಮಧುಗಳ ತ್ಯಾಗದೊಡನೆ ರಾತ್ರಿಭೋಜನತ್ಯಾಗವನ್ನೂ ಸ್ವೀಕರಿಸಿದ್ದಾನೆ. ಡಿಸೆಂಬರ್ ತಿಂಗಳಲ್ಲಿ ಅವನ ಅಧ್ಯಾಪಕರು ವೈಟ್ ಟೈ ಔತಣವೊಂದಕ್ಕೆ ಅವನನ್ನು ಆಮಂತ್ರಿಸುತ್ತಾರೆ. ಹೋಗದಿದ್ದರೆ ಗುರುವಿಗೆ ಅಗೌರವ. ಹೋಗಿ ಉಂಡರೆ ವ್ರತಭಂಗ. ಹೋಗಿ ಉಣ್ಣದೆ ಕುಳಿತರೆ ಆತಿಥ್ಯದ ತಿರಸ್ಕಾರ. ಅವನು ಏನು ಮಾಡತಕ್ಕದ್ದು?

ಮೊದಲು ಕಾಲದ ವಿಚಾರ. ವ್ರತವು ಗಡಿಯಾರವನ್ನು ಅನುಸರಿಸುವುದಿಲ್ಲ, ಸೂರ್ಯನನ್ನು ಅನುಸರಿಸುತ್ತದೆ. ಸೂರ್ಯೋದಯದ ನಂತರದ ಎರಡು ಘಳಿಗೆ, ಸೂರ್ಯಾಸ್ತದ ಮುಂಚಿನ ಎರಡು ಘಳಿಗೆ, ಅಂದರೆ 48 ನಿಮಿಷಗಳಷ್ಟು ಹೊತ್ತನ್ನು ಬಿಟ್ಟು ಉಣ್ಣಬೇಕೆಂಬುದು ಹಿರಿಯರ ಕ್ರಮ. ಜಮಖಂಡಿಯಲ್ಲಿ ಡಿಸೆಂಬರಿನ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ. ಲಂಡನ್ನಿನಲ್ಲಿ ನಾಲ್ಕಕ್ಕೆ ಮೊದಲೇ. ಸಿ. ವಿ. ರಾಮನ್ನರು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ಟಾಕ್‌ಹೋಮ್ ನಗರದಲ್ಲಿ ಆ ಸಮಾರಂಭದ ದಿನವಾದ ಡಿಸೆಂಬರ್ 10ರಂದು ಮೂರು ಗಂಟೆಗೆ ಮೊದಲೇ ಸೂರ್ಯಾಸ್ತವಾಗುತ್ತದೆ. ವೈಟ್ ಟೈ ಧರಿಸಿದ ಅತಿಥಿಗಳು ಔತಣಕ್ಕೆ ಕೂಡುವುದು ಈಗ ಏಳು ಗಂಟೆಗೆ. ಅದೇ ಜೂನ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ಒಂಬತ್ತು ಗಂಟೆ ಕಳೆದ ಮೇಲೂ ಆಕಾಶದಲ್ಲಿರುತ್ತಾನೆ. ಆಗ ಏಳು ಗಂಟೆಯ ಔತಣಕ್ಕೆ ಕಾಲದೋಷವಿಲ್ಲ. ಉಣ್ಣುವ ಪದಾರ್ಥವನ್ನಷ್ಟೇ ವಿಚಾರಿಸಿದರಾಯಿತು. ಡಿಸೆಂಬರಿನಲ್ಲಾದರೋ ಪದಾರ್ಥ ಎಷ್ಟೇ ಶುದ್ಧವಾಗಿರಲಿ, ಕಾಲವೇ ಅಡ್ಡಿ.

‘ದೇಶಕಾಲಗಳನ್ನು ನೋಡಿ ನಡೆಯಬೇಕು, ವಿದ್ಯುದ್ದೀಪದ ಬೆಳಕಿನಲ್ಲಿ ಜೀವಜಂತು ಕಾಣುವುದಿಲ್ಲವೆ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹೊಸದಲ್ಲ. ದೀಪದ ಬೆಳಕಿನ ಸಮಾಧಾನವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗವು ಹೆಚ್ಚೆಂಬುದು ಅವರ ಇನ್ನೊಂದು ವಾದ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ರಾತ್ರಿಭುಕ್ತಿವಿರತಿಯನ್ನು ಆರನೆಯ ಪ್ರತಿಮೆಯಾಗಿ ಹೇಳುವಾಗ ಅದಕ್ಕೆ ಜೀವಾನುಕಂಪೆಯನ್ನೇ ಆಧಾರವಾಗಿ ಇಟ್ಟಿದ್ದಾರೆ. ಹೀಗೆ ಈ ವ್ರತಕ್ಕೆ ಎರಡು ಬೇರುಗಳಿವೆ: ಒಂದು ಅನ್ಯಜೀವಿಗಳ ಮೇಲಿನ ದಯೆ, ಇನ್ನೊಂದು ತನ್ನ ಆಸೆಯ ಮೇಲಿನ ಹಿಡಿತ. ದೀಪವು ಎಷ್ಟೇ ಪ್ರಖರವಾದರೂ ಎರಡನೆಯ ಬೇರಿಗೆ ಅದರಿಂದ ಸಮಾಧಾನ ದೊರೆಯದು. ಆದುದರಿಂದ ನಮ್ಮ ಯುವಕನು ಅಲ್ಲಿ ಉಣ್ಣತಕ್ಕದ್ದಲ್ಲ. ಇಲ್ಲಿಯವರೆಗೆ ಸಂದೇಹವಿಲ್ಲ.

ಹಾಗಾದರೆ ಹೋಗಲೇಬಾರದೆ? ಶ್ರಾವಕಧರ್ಮವು ರಾಜಸಭೆಗಳಿಂದ ದೂರ ಸರಿದು ಬೆಳೆದುದಲ್ಲ. ಮುಧೋಳದ ಬಳೆಗಾರರ ಮನೆಯ ರನ್ನನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. 993ರಲ್ಲಿ ಅಜಿತಪುರಾಣವನ್ನೂ ರಚಿಸಿದನು. ತೇರದಾಳದಲ್ಲಿ 12ನೆಯ ಶತಮಾನದಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ಗೊಂಕನು ಮಾಂಡಲಿಕನಾಗಿದ್ದನು. ಸಭೆಯಲ್ಲಿ ಕುಳಿತ ಮಾತ್ರಕ್ಕೆ ವ್ರತ ಕೆಡುವುದಾಗಿದ್ದರೆ ಶ್ರಾವಕರಲ್ಲಿ ಮಂತ್ರಿಗಳೂ ದಂಡನಾಯಕರೂ ಕವಿಗಳೂ ಇರುತ್ತಿರಲಿಲ್ಲ.

ಇಂತಹ ಸಂಕಟವನ್ನು ನಿಜವಾಗಿ ಅನುಭವಿಸಿದವರ ನಿದರ್ಶನವೊಂದು ಎಲ್ಲರಿಗೂ ತಿಳಿದುದೇ. 1888ರಲ್ಲಿ ಮೋಹನದಾಸ ಗಾಂಧಿಯವರು ಇಂಗ್ಲೆಂಡಿಗೆ ಹೊರಟಾಗ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟೆನೆಂಬ ಪ್ರತಿಜ್ಞೆಯನ್ನು ಅವರಿಂದ ಮಾಡಿಸಿದವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧು. ಲಂಡನ್ನಿನಲ್ಲಿ ಸ್ನೇಹಿತನೊಬ್ಬನು ಅವರನ್ನು ಹಾಲ್ಬರ್ನ್ ಎಂಬ ದೊಡ್ಡ ಭೋಜನಗೃಹಕ್ಕೆ ಕರೆದೊಯ್ದನು. ಮೊದಲು ಬಂದ ಸೂಪಿನಲ್ಲಿ ಮಾಂಸವಿದೆಯೇ ಎಂದು ಗಾಂಧಿಯವರು ಬಡಿಸುವವನನ್ನು ಕರೆದು ವಿಚಾರಿಸಿದರು. ಸಭ್ಯರ ನಡುವೆ ಹೀಗೆ ಕೇಳುವುದು ಅಸಭ್ಯವೆಂದು ಸ್ನೇಹಿತನು ಸಿಟ್ಟಾದನು. ಗಾಂಧಿಯವರು ಎದ್ದು ಹೊರಬಂದರು. ಹತ್ತಿರದ ಶಾಕಾಹಾರಿ ಭೋಜನಗೃಹ ಮುಚ್ಚಿತ್ತು. ಆ ರಾತ್ರಿ ಉಪವಾಸವಿದ್ದರು. ಆಮೇಲೆ ತಾವೂ ಸಭ್ಯರೆನಿಸಬೇಕೆಂದು ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಸಂಜೆಯ ಉಡುಪನ್ನು ಹೊಲಿಸಿದರು, ಕನ್ನಡಿಯ ಮುಂದೆ ನಿಂತು ಟೈ ಕಟ್ಟುವುದನ್ನು ಕಲಿತರು. ಕೆಲಕಾಲದಲ್ಲಿ ಆ ವ್ಯಾಮೋಹ ಕಳಚಿತು. ಪ್ರತಿಜ್ಞೆ ಮಾತ್ರ ಉಳಿಯಿತು.

ಬಡಿಸುವವನನ್ನು ಕೇಳಿದ್ದು ನಿಜವಾಗಿ ತಪ್ಪೆ? ತತ್ತ್ವಾರ್ಥಸೂತ್ರವು ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆಲೋಕಿತಪಾನಭೋಜನವನ್ನು ಎಣಿಸುತ್ತದೆ. ಉಣ್ಣುವ ಮುನ್ನ ಕಂಡು ತಿಳಿಯಬೇಕೆಂಬುದೇ ಅದರ ತಾತ್ಪರ್ಯ. ಕಣ್ಣಿಗೆ ಕಾಣದ್ದನ್ನು ಕೇಳಿ ತಿಳಿಯುವುದೂ ಆಲೋಕನವೇ. ತಪ್ಪಿದ್ದರೆ ಅದು ಕೇಳಿದ ಕಾಲದ್ದು. ಮೊದಲೇ ಹೇಳಿದ್ದರೆ ಸ್ನೇಹಿತನಿಗೂ ಮುಜುಗರವಿರುತ್ತಿರಲಿಲ್ಲ. ಗಾಂಧಿಯವರೇ ಇದನ್ನು ಅರಿತಂತೆ ತೋರುತ್ತದೆ. ವಕೀಲಿ ಕಲಿಯುವವರು ಇನ್ನರ್ ಟೆಂಪಲ್ ಸಂಸ್ಥೆಯ ಔತಣಗಳಲ್ಲಿ ಹಾಜರಿರುವುದು ಕಡ್ಡಾಯವಾಗಿತ್ತು. ಅಲ್ಲಿ ಅವರೂ ಶಾಕಾಹಾರಿಯಾದ ಒಬ್ಬ ಪಾರ್ಸಿ ವಿದ್ಯಾರ್ಥಿಯೂ ಅರ್ಜಿ ಕೊಟ್ಟು ಹಣ್ಣು-ತರಕಾರಿಗಳನ್ನು ಕೇಳಿದರು; ಸಂಸ್ಥೆ ಒಪ್ಪಿ ಕೊಟ್ಟಿತು. ಕೇಳಿದವರಿಗೆ ದೊರೆಯಿತು.

ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಮಾಯೆ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಲ್ಲಿ ಒಂದು ಉಳಿದರೂ ವ್ರತಿಯೆನಿಸಲಾಗದೆಂದು ಅದೇ ಸೂತ್ರಗ್ರಂಥ ಸಾರುತ್ತದೆ. ಯುವಕನು ಯಾರಿಗೂ ಹೇಳದೆ ಹೋಗಿ, ತಟ್ಟೆಯಲ್ಲಿದ್ದುದನ್ನು ಚಮಚೆಯಿಂದ ಅತ್ತಿತ್ತ ಸರಿಸಿ, ಉಂಡವನಂತೆ ನಟಿಸಿದರೆ ಬಾಯಿಯ ವ್ರತ ಉಳಿದೀತು. ಮನಸ್ಸಿನಲ್ಲಿ ಮಾಯಾಶಲ್ಯ ನೆಟ್ಟಿರುತ್ತದೆ. ಬಡಿಸಿದ ಅನ್ನವೂ ವ್ಯರ್ಥ. ಅವನೇ ವಾರದ ಮುಂಚೆ ಗುರುಗಳಿಗೆ ನಾಲ್ಕು ಸಾಲು ಬರೆದು, ‘ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ವ್ರತ ನನ್ನದು, ಆದರೂ ತಮ್ಮೊಡನೆ ಕುಳಿತುಕೊಳ್ಳುವ ಇಚ್ಛೆಯಿದೆ’ ಎಂದು ತಿಳಿಸಿದರೆ, ಅದೇ ಕುರ್ಚಿಯಲ್ಲಿ ಅದೇ ಬರಿದಾದ ತಟ್ಟೆಯ ಮುಂದೆ ಕುಳಿತರೂ ಶಲ್ಯವಿಲ್ಲ. ಶುಭಕೋರಿಕೆಯ ವೇಳೆಗೆ ನೀರಿನ ಲೋಟವನ್ನೆತ್ತಿ ಕುಡಿಯದೆ ಇಳಿಸಿದರೆ, ಆತಿಥೇಯನಿಗೆ ತಿಳಿದಿರುವಾಗ ಅದು ಸೌಜನ್ಯ, ತಿಳಿಯದಿರುವಾಗ ಕಪಟ. ಕೈಯ ಕ್ರಿಯೆ ಒಂದೇ, ಭಾವ ಬೇರೆ. ಕರ್ಮಬಂಧವು ಭಾವವನ್ನು ಅನುಸರಿಸುತ್ತದೆ.

ಉಡುಪಿಗೂ ಇದೇ ನ್ಯಾಯ. ಬಸದಿಯಲ್ಲಿ ಅಭಿಷೇಕಕ್ಕೆ ನಿಲ್ಲುವವನು ಮಡಿಯ ಧೋತರ, ಉತ್ತರೀಯಗಳನ್ನು ಧರಿಸುತ್ತಾನೆ. ಸ್ಥಳಕ್ಕೆ ತಕ್ಕ ಉಡುಪು ಆ ಸ್ಥಳಕ್ಕೆ ಸಲ್ಲಿಸುವ ಗೌರವವೆಂಬುದು ಅವನಿಗೆ ಹೊಸದಲ್ಲ. ಆ ಬಿಳಿಯ ಟೈ ಕೂಡ ಸಂಪ್ರದಾಯದಂತೆ ಹತ್ತಿಯ ಉಬ್ಬುನೇಯ್ಗೆಯದೇ. ಬನಹಟ್ಟಿಯ ನೇಕಾರನ ಮಗ ಅದನ್ನು ಕಟ್ಟಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಕೋಟಿನ ಅಂಚಿನ ರೇಷ್ಮೆ, ಹೊಳಪು ಚರ್ಮದ ಪಾದರಕ್ಷೆಗಳ ವಿಷಯದಲ್ಲಿ ಮಾತ್ರ ಅವನು ಯೋಚಿಸಬೇಕು. ಅವು ಜೀವಹಿಂಸೆಯಿಂದ ಬಂದವು.

ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮವಾದುದು. ಎಲ್ಲರೂ ಉಣ್ಣುವಾಗ ತಾನೊಬ್ಬನೇ ಉಣ್ಣದೆ ಕುಳಿತವನಿಗೆ ‘ನಾನು ಇವರಿಗಿಂತ ಮೇಲು’ ಎಂಬ ಮಾನಕಷಾಯ ಹುಟ್ಟಬಹುದು. ಪಕ್ಕದವನು ಮಾಂಸ ತಿನ್ನುವಾಗ ಅವನಿಗೆ ಅಹಿಂಸೆಯ ಉಪದೇಶ ಮಾಡುವುದು ಧರ್ಮಪ್ರಭಾವನೆಯೆನಿಸದು. ಕೇಳಿದರೆ ಹೇಳಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಹೊಟ್ಟೆ ಹಸಿದಿದ್ದು ಅಹಂಕಾರ ಉಂಡು ತೇಗಿದರೆ ಆ ರಾತ್ರಿಯ ತ್ಯಾಗದಿಂದ ಬಂದ ಲಾಭವೇನು?

ಕೊನೆಗೆ ನಮ್ಮ ಮನೆಯ ಮಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂದು ಎಷ್ಟೋ ಜೈನ ಮನೆಗಳ ಮದುವೆಯ ಸತ್ಕಾರ ನಡೆಯುವುದು ದೀಪ ಹೊತ್ತಿದ ಮೇಲೆಯೇ. ಅಲ್ಲಿ ಯಾರೂ ವೈಟ್ ಟೈ ಕಟ್ಟಿರುವುದಿಲ್ಲ. ರಾತ್ರಿಭೋಜನ ಮಾತ್ರ ನಿರಾತಂಕವಾಗಿ ಸಾಗುತ್ತದೆ. ಲಂಡನ್ನಿನ ಆತಿಥೇಯನು ಅರಿಯದೆ ಮಾಡುವುದನ್ನು ನಾವು ಅರಿತೇ ಮಾಡುತ್ತೇವೆ. ಹೊತ್ತಿರುವಾಗಲೇ ಒಂದು ಪಂಕ್ತಿಯನ್ನಾದರೂ ಹಾಕಿಸುವುದು ಅಷ್ಟು ಕಷ್ಟವೆ?

ಅಂತಹ ಸತ್ಕಾರದ ಒಂದು ಬದಿಗೆ ಕುಳಿತ ಅಜ್ಜಿಯನ್ನು ಎಲ್ಲರೂ ನೋಡಿರುತ್ತಾರೆ. ಹೊತ್ತು ಮುಳುಗುವ ಮುಂಚೆಯೇ ಮನೆಯಲ್ಲಿ ರೊಟ್ಟಿ ತಿಂದು ಬಂದಿರುತ್ತಾಳೆ. ವಧೂವರರಿಗೆ ಅಕ್ಷತೆ ಹಾಕುತ್ತಾಳೆ, ಬೀಗರ ಕ್ಷೇಮ ವಿಚಾರಿಸುತ್ತಾಳೆ, ಮಕ್ಕಳ ಕೆನ್ನೆ ಸವರುತ್ತಾಳೆ. ಯಾರಾದರೂ ಊಟಕ್ಕೆ ಎಬ್ಬಿಸಿದರೆ, ‘ನಂದು ಆಗೇದವ್ವಾ, ನೀವು ಉಣ್ರಿ’ ಎಂದು ನಗುತ್ತಾಳೆ. ಆ ಮಾತಿನಲ್ಲಿ ಮುಚ್ಚುಮರೆಯಿಲ್ಲ, ಹಿರಿಮೆಯ ಪ್ರದರ್ಶನವೂ ಇಲ್ಲ. ಪರದೇಶದ ಔತಣದಲ್ಲಿ ಯುವಕನು ಹೇಗೆ ಕುಳಿತುಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವನ್ನು ಅವಳು ವರ್ಷಾನುಗಟ್ಟಲೆ ತೋರಿಸುತ್ತಲೇ ಬಂದಿದ್ದಾಳೆ.