ಎದುರಾಳಿಯ ಸಾಕ್ಷಿ

ಒಬ್ಬ ಮನುಷ್ಯನ ವಿಷಯವಾದ ಸತ್ಯವನ್ನು ಹೇಳತಕ್ಕವರು ಯಾರು? ಅವನ ಸ್ನೇಹಿತರೋ, ಹಗೆಯವರೋ? ನಮ್ಮ ಕಾಮಸಮುದ್ರದ ಸೀಮೆಯಲ್ಲಿ ಹೊಲದ ಬದುವಿನ ವ್ಯಾಜ್ಯವೆದ್ದರೆ ಪ್ರತಿಯೊಬ್ಬನು ತನ್ನ ನೆಂಟರನ್ನೇ ಸಾಕ್ಷಿಗೆ ಕರೆಯುವನು. ಆದರೆ ಎದುರು ಪಕ್ಷದವನೇ ಎಲ್ಲೆಕಲ್ಲು ಅಲ್ಲಿಯೇ ಇತ್ತೆಂದು ಒಪ್ಪಿದರೆ, ಪಂಚರು ಮತ್ತೊಂದು ಮಾತನ್ನು ಕೇಳುವದಿಲ್ಲ.

ಯುದ್ಧದ ಲೆಕ್ಕವೂ ಹೀಗೆಯೇ. 1950ರಿಂದ 1953ರ ವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಅಮೇರಿಕದವರ ಸೇಬರ್ ಜೆಟ್ ವಿಮಾನಗಳೂ ರಷ್ಯದವರು ಕಟ್ಟಿದ ಮಿಗ್-15 ವಿಮಾನಗಳೂ ಆಕಾಶದಲ್ಲಿ ಹೋರಾಡಿದವು. ಐದು ವೈರಿ ವಿಮಾನಗಳನ್ನು ಕೆಡವಿದವನಿಗೆ 'ಏಸ್' ಎಂಬ ಬಿರುದು. ಅಮೇರಿಕದ ಜೋಸೆಫ್ ಮೆಕಾನೆಲನ ಹೆಸರಿನಲ್ಲಿ 16 ಬರೆಯಲ್ಪಟ್ಟವು. ತಮ್ಮದೊಂದು ಬಿದ್ದರೆ ವೈರಿಗಳದು ಹತ್ತು ಬಿದ್ದವೆಂದು ಅಮೇರಿಕದವರು ಹೇಳಿಕೊಂಡರು. ಬಹು ವರುಷಗಳ ಮೇಲೆ ಶೋಧಕರು ಉಭಯ ಪಕ್ಷದ ದಫ್ತರಗಳನ್ನು ಕೂಡಿಸಿ ನೋಡಲಾಗಿ, ಇಬ್ಬರೂ ಹೆಚ್ಚಾಗಿ ಎಣಿಸಿದ್ದು ತೋರಿಬಂತು. ಎಲ್ಲರೂ ಬೇಕೆಂದು ಸುಳ್ಳಾಡಿದರೆಂದಲ್ಲ. ಕ್ಷಣಮಾತ್ರದ ಹೋರಾಟದಲ್ಲಿ ಹೊಗೆ ಕಂಡವನು ವಿಮಾನ ಬಿತ್ತೆಂದು ನಂಬಿದನು. ಅದಾದರೋ ಕುಂಟುತ್ತಾ ತನ್ನ ನೆಲೆಯನ್ನು ಸೇರಿತು. ಮನಸ್ಸು ಬಯಸಿದ್ದನ್ನೇ ಕಣ್ಣು ಕಂಡಿತು.

ಇದಕ್ಕೆ ಪ್ರತಿಯಾದ ಸಂಗತಿಯೊಂದು ನಮ್ಮ ನಾಡಿನಲ್ಲಿಯೇ ಉಂಟು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ನೇ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಣ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಅಂತ್ಯವನ್ನು ಸಂಗಡಿಗರಲ್ಲಿ ಯಾರೂ ಕಾಣಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನು ಪಾಕಿಸ್ತಾನದವರ ಕಡೆಯ ವಿವರಗಳಿಂದ ಬರೆದ ಪುಸ್ತಕವು ಹೊರಟಾಗ ವಿಷಯವು ಬೈಲಾಯಿತು. ಬಹು ವೇಗದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಹೊಡೆದಿತ್ತು. ಅವರು ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ಅದನ್ನು ಕೆಡವಿದ್ದರು. ಅದರ ಚಾಲಕನಾದ ಅಮ್ಜದ್ ಹುಸೇನನು ಪ್ಯಾರಾಚೂಟಿನಿಂದ ಇಳಿದು ಬದುಕಿದನು. 1988ರಲ್ಲಿ, 23 ವರುಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಕೊಡಲ್ಪಟ್ಟಿತು.

ಅವರ ಲೆಕ್ಕದಲ್ಲಿರುವದು ಒಂದೇ ವಿಮಾನ; ಏಸ್ ಎಂಬ ಬಿರುದು ಅವರಿಗಿಲ್ಲ. ಆದರೂ ಆ ಒಂದು, ಸ್ವಪಕ್ಷದವರು ಬರೆದುಕೊಂಡ ಅನೇಕ ಲೆಕ್ಕಗಳಿಗಿಂತ ದೃಢವಾದದ್ದು. ಯಾಕಂದರೆ ನಷ್ಟಪಟ್ಟವರೇ ಅದನ್ನು ಒಪ್ಪಿದರು.

ಹಗೆಯವನ ಒಳ್ಳೇದನ್ನು ಹೇಳಿದರೆ ನಮ್ಮ ಪಕ್ಷ ಬಲಹೀನವಾಗದೋ ಎಂದು ಕೆಲವರು ಕೇಳಬಹುದು. ಆಗಲಿ, ಆದರೆ ಪಾಕಿಸ್ತಾನದವರು ಹಾಗೆ ಎಣಿಸಿ ಸುಮ್ಮನಿದ್ದಿದ್ದರೆ ದೇವಯ್ಯನವರ ಕಾರ್ಯವು ಹೊಲದ ಮಣ್ಣಿನಲ್ಲಿ ಹೂಳಿಹೋಗುತ್ತಿತ್ತು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ನಾವೆಲ್ಲರೂ ಬಲ್ಲೆವು. ಬಾಯಿ ಮುಚ್ಚಿಕೊಂಡು ಹೇಳುವ ಸುಳ್ಳೂ ಉಂಟೆಂಬದನ್ನು ಮರೆಯುತ್ತೇವೆ. ನಮ್ಮೊಡನೆ ಮಾತು ಬಿಟ್ಟ ನೆರೆಯವನ ಯಾವ ಒಳ್ಳೇ ಕೆಲಸವು ನಮಗೆ ಮಾತ್ರ ಗೊತ್ತಿದೆ? ಅದನ್ನು ಈ ವಾರವೇ ನಾಲ್ಕು ಜನರ ಮುಂದೆ ಹೇಳೋಣ.