ಏರದೆ ಉಳಿದ ಐದಡಿ

ಗೆಲವೆಂದರೇನು? ಹೊರಟ ಗುರಿಯನ್ನು ಮುಟ್ಟಿಯೇ ತೀರುವುದು ಗೆಲವೋ, ಮುಟ್ಟಬಲ್ಲವನಾಗಿಯೂ ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಲ್ಲುವುದು ಗೆಲವೋ? ಹಿಮಾಲಯಾರೋಹಣದ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಸಂಗವೊಂದುಂಟು.

ಸಿಂಧೂನದಿಯ ತಿರುವಿನಿಂದ ಬ್ರಹ್ಮಪುತ್ರೆಯ ತಿರುವಿನವರೆಗೆ ಸುಮಾರು 2,400 ಕಿಲೋಮೀಟರು ಹಬ್ಬಿರುವ ಈ ಶ್ರೇಣಿಯಲ್ಲಿ 8,000 ಮೀಟರಿಗೆ ಮಿಗಿಲಾದ ಶಿಖರಗಳು ಹತ್ತು. ಅವುಗಳಲ್ಲೊಂದಾದ ಕಾಂಚನಜಂಗಾ ನೇಪಾಳ ಸಿಕ್ಕಿಮುಗಳ ಗಡಿಯಲ್ಲಿ ನಿಂತಿದೆ. ಅದರ ಎತ್ತರ 8,586 ಮೀಟರು. ಲೋಕದ ಶಿಖರಗಳಲ್ಲಿ ಮೂರನೆಯದು. ಮಹಾಹಿಮದ ಐದು ನಿಧಿಗಳು ಎಂಬುದು ಆ ಹೆಸರಿನ ಅರ್ಥ. ಸಿಕ್ಕಿಮಿನ ಜನರಿಗೆ ಅದು ಬರಿಯ ಬೆಟ್ಟವಲ್ಲ, ನಾಡನ್ನು ಕಾಯುವ ದೈವ. 1905ರಿಂದ ಮೊದಲ್ಗೊಂಡು ಹಲವರು ಅದನ್ನೇರಲು ಯತ್ನಿಸಿದರು; ಕೆಲವರು ಪ್ರಾಣವನ್ನೇ ತೆತ್ತರು.

1955ರಲ್ಲಿ ಚಾರ್ಲ್ಸ್ ಇವಾನ್ಸರ ನಾಯಕತ್ವದಲ್ಲಿ ಬ್ರಿಟಿಷರ ತಂಡವೊಂದು ನೇಪಾಳದ ಕಡೆಯಿಂದ ಹೊರಟಿತು. ಸಿಕ್ಕಿಮಿನವರ ಮನಸ್ಸು ನೋಯದಂತೆ, ಪವಿತ್ರವಾದ ನೆತ್ತಿಯನ್ನು ತುಳಿಯುವುದಿಲ್ಲವೆಂದು ಇವಾನ್ಸರು ಮಾತು ಕೊಟ್ಟಿದ್ದರು. ಮೇ 25ರಂದು ಜಾರ್ಜ್ ಬ್ಯಾಂಡ್, ಜೋ ಬ್ರೌನ್ ಎಂಬಿಬ್ಬರು ಕಡೆಯ ಬಂಡೆಯ ಬಿರುಕನ್ನೇರಿ ನಿಂತಾಗ ಶಿಖರಾಗ್ರವು ಐದಾರು ಅಡಿಗಳಷ್ಟೇ ಮೇಲಿದ್ದಿತು. ಅವರು ಅಲ್ಲಿಯೇ ನಿಂತರು. ಮರುದಿನ ಬಂದ ನಾರ್ಮನ್ ಹಾರ್ಡಿ, ಟೋನಿ ಸ್ಟ್ರೀದರ್ ಇಬ್ಬರೂ ಹಾಗೆಯೇ ನಿಂತು ಹಿಂದಿರುಗಿದರು.

ಇದನ್ನು ಕೇಳಿದವರು ಆಕ್ಷೇಪಿಸಬಹುದು: ದೇವರ ಮೈಯನ್ನೆಲ್ಲ ತುಳಿದು ನೆತ್ತಿಯೊಂದನ್ನು ಬಿಟ್ಟರೆ ಅದೆಂತಹ ಭಕ್ತಿ? ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ದೈವವು ಏರಿದವರ ದೈವವಲ್ಲ. ಅವರು ಮನ್ನಿಸಿದ್ದು ಪರರ ಭಕ್ತಿಯನ್ನು. ತನ್ನ ದೇವರಿಗೆ ಬಾಗುವುದು ಸುಲಭ. ತಾನು ನಂಬದ ದೇವರ ಮುಂದೆ ಅನ್ಯರ ನಂಬಿಕೆಗಾಗಿ ನಿಲ್ಲುವುದು ಅಷ್ಟು ಸುಲಭವಲ್ಲ. ಮೇಲಾಗಿ, ಬಿರುಗಾಳಿ ತಡೆದು ಹಿಂದಿರುಗಿದವನಲ್ಲಿ ಸಂಯಮವನ್ನು ಕಾಣಲಾಗದು, ಅಲ್ಲಿರುವುದು ನಿರುಪಾಯ. ಆ ಕಡೆಯ ಐದಡಿಗಳಲ್ಲಿ ಗಾಳಿಯಾಗಲಿ ಬಂಡೆಯಾಗಲಿ ಅವರನ್ನು ತಡೆಯಲಿಲ್ಲ, ತಡೆದದ್ದು ಮಾತೊಂದೇ. ಆಸೆಯು ಅತ್ಯಂತ ಬಲವಾಗಿ, ನೋಡುವವರು ಯಾರೂ ಇಲ್ಲದಿರುವ ಎಡೆಯಲ್ಲಿಯೇ ಮಾತಿನ ತೂಕ ತಿಳಿಯುವುದು.

1977ರಲ್ಲಿ ಕರ್ನಲ್ ನರೇಂದ್ರ ಕುಮಾರರ ನೇತೃತ್ವದಲ್ಲಿ ಏರಿದ ಭಾರತೀಯ ಸೇನೆಯ ತಂಡವೂ ಈ ಮರ್ಯಾದೆಯನ್ನು ಪಾಲಿಸಿತು. ಅನಂತರ ಏರಿದವರೆಲ್ಲರೂ ಪಾಲಿಸಿದರೆಂದು ಹೇಳುವಂತಿಲ್ಲ. 2001ರಲ್ಲಿ ಸಿಕ್ಕಿಂ ಸರಕಾರವು ಆರೋಹಣವನ್ನೇ ನಿಷೇಧಿಸಿತು. ಆದರೆ ಆ ಆಜ್ಞೆ ನಡೆಯುವುದು ಗಡಿಯವರೆಗೆ ಮಾತ್ರ; ನೇಪಾಳದ ಕಡೆಯಿಂದ ಏರಿ ಬರುವವನಿಗೆ ಇಂದಿಗೂ ಅವನ ಮನಸ್ಸೇ ಕಾವಲು. ಕಾನೂನು ಕಾಯಲಾರದ ಎಡೆಗಳು ನಮ್ಮ ನಮ್ಮ ಬಾಳಿನಲ್ಲಿಯೂ ಉಂಟು. ಅಲ್ಲಿ ಐದಡಿಯನ್ನು ಬಿಟ್ಟು ನಿಲ್ಲಬಲ್ಲವನು ಸೋತವನೆಂದು ಯಾರು ಹೇಳಿಯಾರು?