ಅಂಗವೋ, ಅಂಗದ ಕೆಲಸವೋ

ಅಧ್ಯಾಪಕರು: ಯಕೃತ್ತಿನ ಕಸಿಗೆ ಬದಲಾಗಿ ಅದರ ಜೀವಕೋಶಗಳನ್ನಷ್ಟೇ ರೋಗಿಯ ದೇಹಕ್ಕೆ ಸೇರಿಸಿದರೆ ಸಾಕೆನ್ನುವಾಗ, ವೈದ್ಯಶಾಸ್ತ್ರವು ಒಂದು ಹಳೆಯ ತಾತ್ತ್ವಿಕ ನಿಲುವನ್ನು ಸದ್ದಿಲ್ಲದೆ ಒಪ್ಪಿಕೊಂಡಂತಾಗುವುದಿಲ್ಲವೇ, ಡಾಕ್ಟರೇ? ಅವಯವಿ, ಅಂದರೆ ಇಡಿ, ಎಂಬುದು ಅವಯವಗಳ, ಅಂದರೆ ಬಿಡಿ ಭಾಗಗಳ, ಸಮೂಹವೇ ಹೊರತು ಬೇರೊಂದು ವಸ್ತುವಲ್ಲ ಎಂದು ಬೌದ್ಧರು ವಾದಿಸಿದರು. ಬಿಡಿ ಭಾಗಗಳಿಂದ ಬೇರೆಯಾದ ಇಡಿಯೊಂದು ನಿಜವಾಗಿಯೂ ಇದೆಯೆಂದು ನ್ಯಾಯದರ್ಶನದ ನೈಯಾಯಿಕರು ಅದನ್ನು ಖಂಡಿಸಿದರು.

ವೈದ್ಯೆ: ಯಾವ ರೋಗದ ಮಟ್ಟಿಗೆ ಯಾವ ವಾದ ನಿಲ್ಲುತ್ತದೆಂದು ನೋಡಬೇಕು, ಮೇಷ್ಟ್ರೇ. ಕ್ರಿಗ್ಲರ್–ನಜ್ಜಾರ್ ಎಂಬ ಹುಟ್ಟುರೋಗದಲ್ಲಿ ಯಕೃತ್ತಿನ ರಚನೆ ಸರಿಯಾಗಿಯೇ ಇರುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯವನ್ನು ಹೊರಹಾಕಲು ಬೇಕಾದ ಒಂದು ಕಿಣ್ವ ಮಾತ್ರ ಕೆಲಸ ಮಾಡುವುದಿಲ್ಲ, ಹಾಗಾಗಿ ಆ ದ್ರವ್ಯ ರಕ್ತದಲ್ಲಿ ಶೇಖರವಾಗಿ ಮಿದುಳಿಗೇ ಅಪಾಯ ತರುತ್ತದೆ, ಅದನ್ನು ತಗ್ಗಿಸಲು ಮಗುವನ್ನು ದಿನಕ್ಕೆ ಹಲವು ಗಂಟೆ ನೀಲಿ ಬೆಳಕಿನಡಿ ಮಲಗಿಸಬೇಕಾಗುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಇರಾ ಫಾಕ್ಸ್ ಮತ್ತು ಸಂಗಡಿಗರು ಇಂಥ 10 ವರ್ಷದ ಬಾಲಕಿಗೆ, ದಾನಿಯ ಯಕೃತ್ತಿನಿಂದ ಬಿಡಿಸಿದ ಸುಮಾರು 750 ಕೋಟಿ ಕೋಶಗಳನ್ನು, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಮೂಲಕ ಹರಿಸಿ, ಅದರ ಫಲವನ್ನು 1998ರಲ್ಲಿ ಪ್ರಕಟಿಸಿದರು. ಅದು ಇಡೀ ಯಕೃತ್ತಿನ ಶೇ. 5ರಷ್ಟು ಮಾತ್ರ, ಆದರೂ ಬಿಲಿರುಬಿನ್ ಸುಮಾರು ಅರ್ಧಕ್ಕಿಳಿಯಿತು, ಬೆಳಕಿನಡಿ ಕಳೆಯಬೇಕಾದ ಗಂಟೆಗಳೂ ಕಡಿಮೆಯಾದವು.

ಅಧ್ಯಾಪಕರು: ಹಾಗಾದರೆ ಅವಯವಗಳೇ ಸಾಕೆಂದಾಯಿತು.

ವೈದ್ಯೆ: ಆ ಬಾಲಕಿಗೂ ಕೆಲವು ವರ್ಷಗಳ ನಂತರ ಅಂಗದ ಕಸಿಯನ್ನೇ ಮಾಡಬೇಕಾಯಿತು. ಹೀಗೆ ಸೇರಿಸಿದ ಕೋಶಗಳಲ್ಲಿ ಬಹುಪಾಲು ನೆಲೆಗೊಳ್ಳುವ ಮೊದಲೇ ನಾಶವಾಗುತ್ತವೆ, ಉಳಿದವೂ ಕ್ರಮೇಣ ಕ್ಷೀಣಿಸುತ್ತವೆ, ಪರರ ಕೋಶಗಳಾದ್ದರಿಂದ ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಿಯೂ ತಪ್ಪುವುದಿಲ್ಲ. ಇನ್ನು ಸಿರೋಸಿಸ್‌ನಲ್ಲಿ, ಅಂದರೆ ಮದ್ಯದಿಂದಲೋ ಹೆಪಟೈಟಿಸ್ ವೈರಸ್ಸಿನಿಂದಲೋ ವರ್ಷಗಟ್ಟಲೆ ಗಾಯಗೊಂಡ ಯಕೃತ್ತು ನಾರುಗಟ್ಟಿ, ಒಳಗಿನ ರಕ್ತದ ಹರಿವೇ ಕೆಟ್ಟುಹೋದ ಸ್ಥಿತಿಯಲ್ಲಿ, ಹೊಸ ಕೋಶಗಳನ್ನು ಹಾಕುವುದು ಕಾಲುವೆ ಹೂತುಹೋದ ಗದ್ದೆಗೆ ಬೀಜ ಚೆಲ್ಲಿದಂತೆ. ಅಲ್ಲಿ ಕೆಟ್ಟಿರುವುದು ನೈಯಾಯಿಕರು ಹೇಳುವ ಇಡಿಯೇ. ದೊಡ್ಡವರಲ್ಲಿ ಕಸಿಗಾಗಿ ಕಾಯುವವರ ಪೈಕಿ ಹೆಚ್ಚಿನವರು ಇಂಥವರೇ ಎಂಬುದನ್ನು ಮರೆತು ಕೋಶಚಿಕಿತ್ಸೆಯನ್ನು ಹೊಗಳುವುದು ಅವರಿಗೆ ಮಾಡುವ ಅನ್ಯಾಯ.

ಅಧ್ಯಾಪಕರು: ಇಡಿಯೂ ಕೆಡದೆ, ತಪ್ಪುವುದು ಒಂದೇ ಕೆಲಸವೂ ಆಗಿರದೆ, ಎಲ್ಲ ಕೆಲಸವೂ ಒಮ್ಮೆಲೇ ನಿಂತುಹೋಗುವ ಸಂದರ್ಭವಿಲ್ಲವೇ?

ವೈದ್ಯೆ: ಇದೆ, ಭರವಸೆ ಹೆಚ್ಚಿರುವುದೂ ಅಲ್ಲಿಯೇ. ಹಠಾತ್ ಯಕೃತ್ ವೈಫಲ್ಯದಲ್ಲಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ, ಆದರೆ ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿರುವುದರಿಂದ ಆ ದಿನಗಳನ್ನು ದಾಟಿಸಿದರೆ ಅದು ತಾನೇ ಚೇತರಿಸಿಕೊಳ್ಳಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ದಾನಿಯ ಕೋಶಗಳನ್ನು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಲೋಳೆಯ ಪುಟ್ಟ ಮಣಿಗಳಲ್ಲಿ ಹುದುಗಿಸಿ ಮಕ್ಕಳ ಹೊಟ್ಟೆಯ ಪೊಳ್ಳಿನೊಳಗೆ ಬಿಟ್ಟರು. ಆಹಾರಾಂಶವೂ ವಿಷವಸ್ತುವೂ ಆ ಮಣಿಯೊಳಗೆ ಹೋಗಬಲ್ಲವು, ಪ್ರತಿರೋಧದ ಕೋಶಗಳು ಮಾತ್ರ ಹೋಗಲಾರವು, ಆದ್ದರಿಂದ ಪ್ರತಿರೋಧ ತಗ್ಗಿಸುವ ಔಷಧಿಯೂ ಬೇಕಾಗಲಿಲ್ಲ. 2020ರಲ್ಲಿ ವರದಿಯಾದ 8 ಮಕ್ಕಳಲ್ಲಿ 4 ಮಕ್ಕಳಿಗೆ ಕಸಿಯ ಅಗತ್ಯವೇ ಬೀಳಲಿಲ್ಲ, 3 ಮಕ್ಕಳು ಕಸಿಯಾಗುವವರೆಗೆ ಉಳಿದರು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲವಾದ್ದರಿಂದ ಇಷ್ಟಕ್ಕೇ ಸಿದ್ಧಾಂತ ಕಟ್ಟಲಾಗದು.

ಅಧ್ಯಾಪಕರು: ಆದರೂ ಇಲ್ಲೊಂದು ನೈತಿಕ ಲಾಭವಿದೆ. ಭಾರತದಲ್ಲಿ ಯಕೃತ್ತಿನ ಕಸಿ ಹೆಚ್ಚಾಗಿ ನಡೆಯುವುದು ಬದುಕಿರುವ ಬಂಧುವಿನಿಂದ, ಎಷ್ಟೋ ಸಲ ಹೆಂಡತಿಯಿಂದ ಅಥವಾ ತಾಯಿಯಿಂದ, ಒಂದು ಭಾಗವನ್ನು ಕತ್ತರಿಸಿ ತೆಗೆದು. ಮನೆಯವರೆಲ್ಲ ಎದುರಿಗೆ ಕೂತಿರುವಾಗ ಆಕೆ ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರವೆಂಬ ಪ್ರಶ್ನೆಯನ್ನು ಕೋಶಚಿಕಿತ್ಸೆ ಇಲ್ಲವಾಗಿಸಬಹುದಲ್ಲ?

ವೈದ್ಯೆ: ಕೆಲವು ಮನೆಗಳಲ್ಲಿ ಇಲ್ಲವಾಗಿಸಬಹುದು, ಅದೊಂದೇ ಕಾರಣಕ್ಕಾದರೂ ಈ ಸಂಶೋಧನೆ ಮುಂದುವರಿಯಬೇಕು. ಆದರೆ ಈ ಕೋಶಗಳೂ ಬಹುಮಟ್ಟಿಗೆ ಬರುವುದು ಮೃತರು ದಾನ ಮಾಡಿದ, ಕಸಿಗೆ ಒದಗದೆ ಉಳಿದ ಯಕೃತ್ತುಗಳಿಂದಲೇ. ಮೃತರ ಅಂಗದಾನ ಹೆಚ್ಚದಿದ್ದರೆ ಕೋಶಗಳಿಗೂ ಬರವೇ.